ಎರಡನೇ ಸಲ ಕೇಳದ ಊರಿನ ನೀಲಿ ಕಾರು

ಹೊರಡುವ ಮುನ್ನ

ಪಕ್ಕದ ಮನೆಯ ಪದ್ಮಕ್ಕನಿಗೆ ವಿಚಾರ ಸಂಕಿರಣಕ್ಕೆ ಹೋಗುತ್ತಿದ್ದೇನೆ ಎಂದು ಹೇಳಿ ಬೀಗದ ಕೈ ಕೊಟ್ಟೆ. ಅದು ಸುಳ್ಳು. ನಾನು ಮುಂಬಯಿಗೆ ಹೊರಟಿದ್ದು ಒಂದು ಕಾರು ಕೊಳ್ಳಲು. ಅದೂ ಎರಡೇ ಬಾಗಿಲಿನ, ಮೂತಿಯ ಮೇಲೆ ಓಡುವ ಕುದುರೆಯ ಗುರುತಿರುವ, ಅಮೆರಿಕದ ಸ್ಪೋರ್ಟ್ಸ್ ಕಾರು. ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸಿಕೊಂಡು, ಒಬ್ಬಳೇ ಇರುವ, ಐವತ್ತು ದಾಟಿ ಬಹಳ ಕಾಲವಾದ ಹೆಂಗಸು ಇಂಥದ್ದನ್ನು ಬಯಸುತ್ತಾಳೆಂದರೆ ಪದ್ಮಕ್ಕ ನಂಬುತ್ತಿರಲಿಲ್ಲ. ನನಗೇ ಪೂರ್ತಿ ನಂಬಿಕೆ ಇರಲಿಲ್ಲ.

ಈ ಬಯಕೆ ಎಲ್ಲಿಂದ ಬಂತು ಎಂದು ಕೇಳಿದರೆ ನನ್ನ ಬಳಿ ಒಂದು ನೆನಪಿದೆ. ಚಿಕ್ಕವಳಾಗಿದ್ದಾಗ ಅರಮನೆಯ ಹತ್ತಿರ ಅಂಥ ಕಾರೊಂದು ನಿಂತಿತ್ತು. ಕೆಂಪು ಬಣ್ಣ. ಸ್ಟಿಯರಿಂಗ್ ಹಿಡಿದಿದ್ದವಳು ಕಪ್ಪು ಕನ್ನಡಕದ ಹೆಂಗಸು, ಪಕ್ಕದಲ್ಲಿ ಯಾರೂ ಇರಲಿಲ್ಲ. ನನ್ನ ಅಣ್ಣನ ಪ್ರಕಾರ ಕಾರು ಬಿಳಿಯದು, ಅಮೆರಿಕದ್ದಲ್ಲ, ಓಡಿಸುತ್ತಿದ್ದವನು ಗಂಡಸು. ಸಾಕ್ಷಿಗಳು ಇಬ್ಬರು, ಇಬ್ಬರೂ ನಂಬಲರ್ಹರಲ್ಲ ಎಂದು ತರಗತಿಯಲ್ಲಾದರೆ ಹೇಳಿ ಮುಗಿಸುತ್ತಿದ್ದೆ. ಆದರೆ ಬಯಕೆಗೆ ಸಾಕ್ಷಿ ಬೇಕಿಲ್ಲ. ನನ್ನ ಮದುವೆಗೆಂದು ಅಪ್ಪ ಕೊಂಡಿಟ್ಟಿದ್ದ ಸೈಟು ಕೊನೆಗೂ ಮಾರಾಟವಾಗಿ ಹಣ ಬ್ಯಾಂಕಿನಲ್ಲಿ ಸುಮ್ಮನೆ ಕೂತಿತ್ತು. ಒಂದು ಮಧ್ಯಾಹ್ನ ಫೋನಿನಲ್ಲಿ ಜಾಹೀರಾತು ಕಾಣಿಸಿತು. ನೀಲಿ ಕಾರು, ಒಬ್ಬರೇ ಮಾಲೀಕರು, ಚೆನ್ನಾಗಿ ಇಟ್ಟುಕೊಂಡಿದ್ದು. ಕರೆ ಮಾಡಿ ತೊದಲು ಹಿಂದಿಯಲ್ಲಿ ಶುರುಮಾಡಿದರೆ ಆ ಕಡೆಯಿಂದ "ಕನ್ನಡದವರಾ? ಮತ್ತೆ ಕನ್ನಡದಲ್ಲೇ ಹೇಳಿ ಮಾರಾಯ್ರೆ" ಎಂಬ ಉತ್ತರ ಬಂತು.

ವಿದೇಶದ ಪ್ರವಾಸ ಕಥನವೆಂದರೆ ಪಾಸ್‌ಪೋರ್ಟಿನಲ್ಲಿ ಮುದ್ರೆ ಬಿದ್ದಿರಬೇಕು ಎನ್ನುವವರು ಇದನ್ನು ಓದಬೇಕಿಲ್ಲ. ನನ್ನ ಪಾಸ್‌ಪೋರ್ಟ್ ಖಾಲಿಯಾಗಿಯೇ ಇದೆ. ಮನೆಯಲ್ಲಿ ಕಲಿತ ನಡವಳಿಕೆ ಎಲ್ಲಿ ಚಲಾವಣೆಯಾಗುವುದಿಲ್ಲವೋ ಅದೇ ಪರದೇಶ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಫೋರ್ಟ್

ಕಾರಿನ ಮಾಲೀಕ ಜಯರಾಮಣ್ಣನಿಗೆ ಫೋರ್ಟಿನಲ್ಲಿ ಒಂದು ಉಡುಪಿ ಹೋಟೆಲು. ಬ್ಯಾಂಕುಗಳ ನಡುವಿನ ಕಿರಿದಾದ ಜಾಗ. ಮಧ್ಯಾಹ್ನದ ಹೊತ್ತಿಗೆ, ಕೂತು ತಿನ್ನುವವರ ಕುರ್ಚಿಯ ಹಿಂದೆಯೇ ಮುಂದಿನವರು ಬಂದು ನಿಂತುಬಿಡುತ್ತಾರೆ. ನಮ್ಮ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡಲು ಅವರಿಗೆ ನಾಚಿಕೆಯಿಲ್ಲ.

ಗಲ್ಲಾದಲ್ಲಿ ನನ್ನ ಪರಿಚಯ ಹೇಳಿಕೊಂಡು ಕೂತು, ಇಡ್ಲಿ ಹೇಳಿದೆ. ವಿಜಯಪುರದ ಕಡೆಯ ಮಾಣಿ ಸಾಂಬಾರಿನ ಬಕೆಟು ಹಿಡಿದು ಬಂದ.

"ಸಾಂಬಾರ ಹಾಕ್ಲೇನ್ರಿ ಅಕ್ಕಾರ?"

"ಬೇಡಪ್ಪ, ಪರವಾಗಿಲ್ಲ" ಎಂದೆ.

ಆತ ಹೋಗಿಯೇಬಿಟ್ಟ.

ಇಲ್ಲಿ ಸ್ವಲ್ಪ ವಿವರಣೆ ಬೇಕು. ನನಗೆ ಸಾಂಬಾರು ಬೇಕಿತ್ತು. ಆದರೆ ಮೊದಲನೇ ಸಲಕ್ಕೇ ಹ್ಞೂಂ ಎನ್ನಬಾರದು ಎಂಬುದು ಅಮ್ಮ ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ. ನಮ್ಮ ಬೀದಿಯಲ್ಲಿ ಇವತ್ತಿಗೂ ಹಾಗೆಯೇ. ಪದ್ಮಕ್ಕ ಕಾಫಿ ಕೊಡಲೇ ಎನ್ನುತ್ತಾರೆ, ಈಗಷ್ಟೇ ಆಯಿತು ಎನ್ನುತ್ತೇನೆ. ಅರ್ಧ ಲೋಟ ಎನ್ನುತ್ತಾರೆ, ಬೇಡವೇ ಬೇಡ ಎನ್ನುತ್ತೇನೆ. ಅಷ್ಟು ಹೊತ್ತಿಗೆ ಡಿಕಾಕ್ಷನ್ ಇಳಿದಿರುತ್ತದೆ, ಪೂರ್ತಿ ಲೋಟ ಬರುತ್ತದೆ, ಕುಡಿಯುತ್ತೇನೆ. ಕೇಳುವವರಿಗೂ ಹೇಳುವವರಿಗೂ ತಮ್ಮ ತಮ್ಮ ಮಾತು ಗೊತ್ತಿರುವ ಆಟ ಅದು. ಒಣ ಇಡ್ಲಿಯನ್ನು ನೀರಿನ ಜೊತೆ ನುಂಗುತ್ತ, ಆಟಕ್ಕೆ ಇಲ್ಲಿ ಎದುರಾಳಿ ಇಲ್ಲ ಎಂದು ತಿಳಿಯಿತು.

ಗಲ್ಲಾದ ಮೇಲಿಂದ ಜಯರಾಮಣ್ಣ ಎಲ್ಲವನ್ನೂ ನೋಡುತ್ತಿದ್ದರು. ದಪ್ಪ ಮೈ, ಬಿಳಿ ಅಂಗಿ, ನೋವಿರುವ ಮೊಣಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತವರು.

"ಎಂತ ಟೀಚರೇ, ಸಾಂಬಾರು ಸೇರುದಿಲ್ವಾ?"

"ಸೇರುತ್ತೆ. ಇನ್ನೊಂದು ಸಲ ಕೇಳ್ತಾರೆ ಅಂದ್ಕೊಂಡೆ."

ಅವರು ಹೊಟ್ಟೆ ಕುಲುಕುವಂತೆ ನಕ್ಕರು. "ಇಲ್ಲಿ ಒಂದೇ ಸಲ ಕೇಳುದು. ಎರಡ್ನೇ ಸಲ ಕೇಳಿದ್ರೆ ಹಿಂದೆ ನಿಂತವ ನನ್ನನ್ನೇ ತಿಂತಾನೆ."

ಕಾರು ವಿಲೆ ಪಾರ್ಲೆಯ ಮನೆಯಲ್ಲಿದೆ, ನಾಳೆ ಭಾನುವಾರ, ಬೆಳಿಗ್ಗೆಯೇ ಬನ್ನಿ ಎಂದರು. ಮಾರಲು ಕಾರಣವನ್ನೂ ಹೇಳಿದರು. ಅವರ ಹಳೆಯ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಾರೆ. ಅಲ್ಲಿಯತನಕ ಬಾಡಿಗೆ ಫ್ಲ್ಯಾಟು, ಅಲ್ಲಿ ಸ್ಕೂಟರಿಗೂ ಜಾಗ ಇಲ್ಲ. "ಮನುಷ್ಯರನ್ನು ಎಲ್ಲಿಯಾದ್ರೂ ತುರುಕಬಹುದು ಟೀಚರೇ, ಅಷ್ಟುದ್ದದ ಗಾಡಿ ಎಲ್ಲಿ ಇಡುದು?" ಪವಾಯಿಯ ಒಬ್ಬ ಇಂಜಿನಿಯರ್ ಕೂಡ ಕೇಳುತ್ತಿದ್ದಾನಂತೆ. ಆದರೆ ಮೊದಲು ಫೋನು ಮಾಡಿದ್ದು ನಾನು, ಹಾಗಾಗಿ ಮೊದಲ ಮಾತು ನನ್ನದು. "ನಾಳೆ ಊಟಕ್ಕೆ ನಮ್ಮಲ್ಲೇ ನಿಲ್ತೀರಾ?"

"ಅಯ್ಯೋ ಬೇಡ, ನಿಮಗ್ಯಾಕೆ ತೊಂದ್ರೆ."

"ಆಯ್ತು" ಎಂದು ಮುಂದಿನವನ ಬಿಲ್ಲಿಗೆ ಕೈ ಚಾಚಿದರು. ಪಾಠ ಹೇಳಿಸಿಕೊಂಡ ಮರುಕ್ಷಣವೇ ಮತ್ತೆ ಅದೇ ತಪ್ಪು.

ಲೋಕಲ್

ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಮೂವರ ಸೀಟಿಗೆ ನಾಲ್ವರು ಕೂರುತ್ತಾರೆ. ನಾಲ್ಕನೆಯವಳಿಗೆ ಅಂಚು ಮಾತ್ರ, ಕೂತಿದ್ದೇನೆ ಎಂಬ ಗೌರವವೇ ಅವಳ ಪಾಲು. ಬಟಾಣಿ ಬಿಡಿಸುತ್ತಿದ್ದ ಒಬ್ಬಾಕೆ ನನ್ನನ್ನು ನೋಡಿ ಸ್ವಲ್ಪ ಸರಿದು "ಬೈಠೋ" ಎಂದಳು. ನಾನು ಮುಗುಳ್ನಕ್ಕು ತಲೆಯಾಡಿಸಿದೆ. ಆ ತಲೆಯಾಟ ಮುಗಿಯುವುದರೊಳಗೆ ಇನ್ನೊಬ್ಬಳು ಕೂತಿದ್ದಳು.

ನಿಂತವರು ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ಸೀಟನ್ನು ಮೊದಲೇ ತಮ್ಮದಾಗಿಸಿಕೊಳ್ಳುವ ಪದ್ಧತಿ ಅಲ್ಲಿ ಉಂಟು. ಬಾಂದ್ರಾ ಎಂದು ಉತ್ತರ ಬಂದರೆ ಬಾಂದ್ರಾದಿಂದ ಆ ಸೀಟು ಕೇಳಿದವಳದು. ಗುರುತಿಲ್ಲದವರ ನಡುವೆ ಆಗುವ ಈ ಒಪ್ಪಂದವನ್ನು ಯಾರೂ ಮುರಿಯುವುದಿಲ್ಲ. ಸಭ್ಯತೆಯ ಇನ್ನೊಂದು ರೂಪ ಇದು ಎಂದು ನನಗನ್ನಿಸಿತು. ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದು, ಕೇಳಿದವರಿಗೆ ನಿಜ ಹೇಳುವುದು. ಅನ್ನಿಸಿತು, ಅಷ್ಟೇ. ಪಾರ್ಲೆಯವರೆಗೂ ಕಂಬಿ ಹಿಡಿದು ನಿಂತಿದ್ದೆ.

ಆ ಊರಿನಲ್ಲಿ ಎರಡೆರಡು ಸಲ ಕೇಳುವ ಪ್ರಶ್ನೆ ಒಂದೇ. ಸ್ಟೇಷನ್ನಿನ ಹತ್ತಿರದ ಲಾಡ್ಜಿನವನು "ಅಕೇಲೇ?" ಎಂದ. ಹೌದು, ಒಬ್ಬಳೇ ಎಂದೆ. ನನ್ನ ಬೆನ್ನ ಹಿಂದೆ ಬಗ್ಗಿ ನೋಡಿ ಮತ್ತೊಮ್ಮೆ "ಅಕೇಲೇ?" ಎಂದ. ಕೋಣೆಯ ಮೇಲೆ ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ, ಮೇಜಿನ ಮೇಲಿನ ಲೋಟ ಪ್ರತಿ ಸಲ ತಟ್ಟೆಗೆ ತಾಗಿ ಸದ್ದು ಮಾಡುತ್ತಿತ್ತು. ಅದನ್ನು ಬೇರೆ ಕಡೆ ಇಡಬಹುದಿತ್ತು. ಇಡಲಿಲ್ಲ. ಕೋಣೆಯಲ್ಲಿ ಇನ್ನೊಂದು ಸದ್ದಿರುವುದು ಬೇಡವೆನಿಸಲಿಲ್ಲ.

ವಿಲೆ ಪಾರ್ಲೆ

ಬೆಳಿಗ್ಗೆ ಬಾಗಿಲು ತೆರೆದವರು ಜಯರಾಮಣ್ಣನ ಹೆಂಡತಿ ಸುಲೋಚನಾ. ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ಕೈಯಲ್ಲಿ ಕೀ ಗೊಂಚಲು, ಕಾಲಲ್ಲಿ ಆಗಲೇ ಶೂ.

"ಬನ್ನಿ ಅಕ್ಕ, ಗಾಡಿ ಕೆಳಗೆ ಉಂಟು."

ಜಯರಾಮಣ್ಣ ಸೋಫಾದಿಂದಲೇ ಕೂಗಿದರು. "ಅವಳೇ ಓಡಿಸುದು. ನಾನು ತಂದ ದಿವಸ ಒಮ್ಮೆ ಕೂತಿದ್ದೆ. ಇಳಿಸ್ಲಿಕ್ಕೆ ಹೋಟ್ಲಿನ ಇಬ್ರು ಬೇಕಾಯ್ತು. ಆಮೇಲೆ ಈ ಮೊಣಕಾಲು ಆ ಗಾಡಿಗೆ ನಮಸ್ಕಾರ ಹೇಳಿತು."

ಕೆಳಗೆ ಕಂಬಗಳ ನಡುವಿನ ಪಾರ್ಕಿಂಗಿನಲ್ಲಿ, ಹೊದಿಕೆಯ ಕೆಳಗೆ ಅದು ಮಲಗಿತ್ತು. ಹೊರಗಿನ ಹೊದಿಕೆಯನ್ನು ಎಳೆದರೆ ಒಳಗೆ ಹಳೆಯ ಬೆಡ್‌ಶೀಟುಗಳನ್ನು ಹೊಲಿದು ಮಾಡಿದ ಇನ್ನೊಂದು ಹೊದಿಕೆ. ಅದನ್ನೂ ತೆಗೆದಾಗ ನೀಲಿ ಕಾಣಿಸಿತು. ಫೋಟೋದಲ್ಲಿದ್ದದ್ದಕ್ಕಿಂತ ಗಾಢ, ಬಾವಿಯ ಒಳಗಿನ ನೀರಿನಂತೆ. ಉದ್ದನೆಯ ಬಾನೆಟ್ಟು, ಅದರ ತುದಿಯಲ್ಲಿ ಓಡುತ್ತಲೇ ಇರುವ ಬೆಳ್ಳಿಯ ಕುದುರೆ, ಒಂದು ಗೀರೂ ಇಲ್ಲದ ಬಾಗಿಲು. ನನ್ನ ನೆನಪಿನ ಕೆಂಪು ಕಾರು ಅಲ್ಲಿಯೇ ನೀಲಿಯಾಗತೊಡಗಿತು. ಈಗ ಬರೆಯುವಾಗ ಅರಮನೆಯ ಬಳಿ ನಿಂತದ್ದೂ ನೀಲಿ ಕಾರೇ ಎಂದು ಮನಸ್ಸು ಹೇಳುತ್ತಿದೆ. ಅದರ ಮಾತು ಕೇಳಬೇಡಿ.

ಒಳಗೆ ಬಗ್ಗಿದರೆ ಪರಿಚಿತ ವಾಸನೆ. ಎಣ್ಣೆ ಹಚ್ಚಿ ಬಾಚಿದ ತಲೆಯದು.

"ತೆಂಗಿನೆಣ್ಣೆ" ಎಂದರು ಸುಲೋಚನಾ, ಸ್ವಲ್ಪ ನಾಚಿಕೊಂಡು. "ಸೀಟು ಚರ್ಮದ್ದಲ್ವಾ? ಒಣಗಿ ಬಿರಿಯಬಾರದು ಅಂತ ಮೊದಲ ವರ್ಷ ಊರಿನ ಎಣ್ಣೆ ಹಚ್ಚಿಬಿಟ್ಟೆ. ಸರ್ವಿಸಿನವರು ಬೈದ್ರು. ಆಮೇಲೆ ಬಿಟ್ಟೆ, ವಾಸನೆ ಬಿಡ್ಲಿಲ್ಲ."

ಬಲಗಡೆಯ ಸೀಟು ಕೂತು ಕೂತು ಕೊಂಚ ತಗ್ಗಾಗಿತ್ತು. ಎಡಗಡೆಯದರ ಮೇಲೆ ಒಂದು ಸುಕ್ಕೂ ಇರಲಿಲ್ಲ. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದುಕೊಂಡೆ.

ಅವರು ಕೀ ಮುಂದೆ ಚಾಚಿದರು. "ನೀವು ಓಡಿಸ್ತೀರಾ?"

ಮೈಸೂರಿನಿಂದ ಇಲ್ಲಿಯವರೆಗೆ ಬಂದದ್ದು ಇದಕ್ಕೇ. "ಬೇಡ ಬೇಡ, ನೀವೇ ಓಡಿಸಿ" ಎಂದೆ.

ಕೀ ಹಿಂದೆ ಹೋಯಿತು. ನಾನು ಎಡಗಡೆಯ ಸೀಟಿನಲ್ಲಿ ಕೂತೆ. ಕೂತದ್ದಲ್ಲ, ಬಿದ್ದೆ. ರಸ್ತೆಗೆ ಅಷ್ಟು ಹತ್ತಿರ ನಾನು ಹಿಂದೆಂದೂ ಕೂತಿರಲಿಲ್ಲ.

ಪವಾಯಿ

ಎಂಜಿನ್ ಶುರುವಾದಾಗ ಆ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ. ಪಾರ್ಕಿಂಗಿನಲ್ಲಿ ಮಲಗಿದ್ದ ನಾಯಿ ಮಾತ್ರ ಕಣ್ಣೂ ತೆರೆಯಲಿಲ್ಲ. ಅದಕ್ಕೆ ರೂಢಿಯಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಸುಲೋಚನಾ ಪವಾಯಿಯ ಕೆರೆಯವರೆಗೆ ಹೋಗಿ ಬರುತ್ತಾರೆ. ದಾರಿಯ ಒಂದೊಂದು ಹಂಪಿನ ಪರಿಚಯವೂ ಅವರಿಗಿದೆ. ಕಾರನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಾರೆ. "ನೇರ ಹೋದ್ರೆ ಇದಕ್ಕೆ ಹೊಟ್ಟೆ ತಾಗ್ತದೆ, ಪಾಪ." ಹಂಪು ದಾಟುವಾಗ ತಮ್ಮ ಹೊಟ್ಟೆಯನ್ನೂ ಒಳಗೆಳೆದುಕೊಳ್ಳುತ್ತಿದ್ದರು.

ಹೈವೇಯಲ್ಲಿ ಕೆಲವು ಗಳಿಗೆ ರಸ್ತೆ ಖಾಲಿಯಾಯಿತು. "ಗಟ್ಟಿ ಕೂತ್ಕೊಳ್ಳಿ" ಎಂದು ಪಾದ ಒತ್ತಿದರು. ಯಾರೋ ಬೆನ್ನು ಹಿಡಿದು ಮುಂದಕ್ಕೆ ನೂಕಿದಂತಾಯಿತು. ನಾನು ಜೋರಾಗಿ ನಕ್ಕೆ. ನಗು ನನ್ನದೇ ಎಂದು ಗೊತ್ತಾಗಲು ತುಸು ಹೊತ್ತು ಬೇಕಾಯಿತು. ಮುಂದಿನ ಸಿಗ್ನಲ್ಲಿನಲ್ಲಿ ಪಕ್ಕದ ರಿಕ್ಷಾದವನು ಬಗ್ಗಿ ನೋಡಿ "ಆಂಟಿ, ಘೋಡಾ ಕಿತನಾ ದೇತಾ ಹೈ?" ಎಂದು ಕುದುರೆಯ ಮೈಲೇಜ್ ಕೇಳಿದ. "ತೇರೇ ಸೇ ಕಮ್" ಎಂದರು ಸುಲೋಚನಾ. ನಿನ್ನ ರಿಕ್ಷಾಕ್ಕಿಂತ ಕಡಿಮೆಯೇ.

ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿ ಚಹಾ ಕುಡಿದೆವು. ಆಚೆ ದಡದ ಎತ್ತರದ ಕಟ್ಟಡಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು.

"ನಿಮಗೆ ಯಾಕೆ ಅಕ್ಕ, ಈ ಗಾಡಿ?"

"ಸುಮ್ಮನೆ" ಎಂದೆ. ಉತ್ತರ ನನಗೇ ಸಾಲದೆ, "ನಿಮಗೆ ಇದನ್ನು ಕೊಡೋಕೆ ಬೇಜಾರಿಲ್ವಾ?" ಎಂದೆ.

"ಮಾರುವನಾ ಅಂತ ಇವರು ಕೇಳಿದ್ರು. ಸರಿ ಅಂದೆ. ಮತ್ತೆ ಕೇಳ್ಲಿಲ್ಲ." ಕಾಗದದ ಲೋಟ ಎಸೆದು ಕಾರಿನ ಕನ್ನಡಿ ಸರಿಮಾಡಿಕೊಂಡರು.

ಅವರು ಹೀಗೆಯೇ ಹೇಳಿದರೋ, ನನ್ನ ಕಥೆಗೆ ಒಗ್ಗುವಂತೆ ನಾನು ಕೇಳಿಸಿಕೊಂಡೆನೋ ಈಗ ಖಚಿತವಿಲ್ಲ. ಆ ದಿನವೇ ಬರೆದಿಟ್ಟದ್ದರಲ್ಲಿಯೂ ಹೀಗೆಯೇ ಇದೆ. ಆದರೆ ಬರೆದವಳು ನಾನೇ.

ಮತ್ತೆ ವಿಲೆ ಪಾರ್ಲೆ

ಮನೆಗೆ ಬಂದಾಗ ಜಯರಾಮಣ್ಣ ಕಾಫಿ ತರಿಸಿ ನೇರ ಮಾತಿಗೆ ಬಂದರು.

"ಹೇಗುಂಟು ಟೀಚರೇ?"

"ತುಂಬಾ ಚೆನ್ನಾಗಿದೆ."

"ಮತ್ತೆ? ತಗೊಳ್ತೀರಾ?"

ಬೇಕು ಎಂಬ ಎರಡಕ್ಷರ ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು. ಬಾಯಿ ತೆರೆದೆ. ಹೊರಬಂದದ್ದು ಬೇರೆಯೇ. "ಅಯ್ಯೋ, ನನಗ್ಯಾಕೆ ಅಷ್ಟು ದೊಡ್ಡದು. ನೋಡೋಣ ಬಿಡಿ."

ಆಮೇಲೆ ಕಾದೆ. ಪದ್ಮಕ್ಕನಾಗಿದ್ದರೆ "ಅದೇನು ಹಾಗಂತೀರಿ, ನಿಮಗೆ ಚೆನ್ನಾಗಿ ಒಪ್ಪುತ್ತೆ" ಎನ್ನುತ್ತಿದ್ದರು. ನಾನು ಇನ್ನೊಮ್ಮೆ ಬೇಡವೆನ್ನುತ್ತಿದ್ದೆ. ಅವರು ಗದರುತ್ತಿದ್ದರು. ನಾನು ಒಪ್ಪುತ್ತಿದ್ದೆ.

"ಆಯ್ತು, ತೊಂದ್ರೆ ಇಲ್ಲ" ಎಂದರು ಜಯರಾಮಣ್ಣ. ಮುಖದಲ್ಲಿ ಬೇಸರದ ಎಳೆಯೂ ಇರಲಿಲ್ಲ. ನನ್ನ ಎದುರಿಗೇ ಫೋನು ತೆಗೆದು, ಪವಾಯಿಯ ಇಂಜಿನಿಯರ್ ಜೊತೆ ಹಿಂದಿಯಲ್ಲಿ ಮಾತಾಡಿದರು. ಗಾಡಿ ನಿಮ್ಮದು, ಮುಂಗಡದ ಟೋಕನ್ ಹಣ ಕಳಿಸಿ, ನಾಳೆ ಬಂದು ಒಯ್ಯಿರಿ. ಕಾಫಿ ಇನ್ನೂ ಬಿಸಿಯಿತ್ತು. ಗುಟುಕು ಗುಟುಕಾಗಿ ಕುಡಿಯುತ್ತ ಕೂತಿದ್ದೆ. ನಡುವೆ ಕೈ ಎತ್ತಿ ತಡೆಯಬಹುದಿತ್ತು. ಯಾರೋ ಬೇರೆಯವರ ಮನೆಯ ವಸ್ತು ಮಾರಾಟವಾಗುವುದನ್ನು ನೋಡುವಂತೆ ನೋಡಿದೆ. ನಿಜಕ್ಕೂ ಅದು ಬೇರೆಯವರ ಮನೆಯ ವಸ್ತುವೇ ಆಗಿತ್ತು.

ಸುಲೋಚನಾ ನನ್ನ ಮುಖವನ್ನೇ ನೋಡುತ್ತಿದ್ದರು. ಏನೋ ಕೇಳುವಂತೆ ಕಂಡಿತು. ಒಳಗೆ ಕುಕ್ಕರ್ ಕೂಗಿತು, ಎದ್ದು ಹೋದರು.

ದಾದರ್

ಲಾಡ್ಜಿನಿಂದ ಚೀಲ ತೆಗೆದುಕೊಂಡು ದಾದರಿಗೆ ಬಂದೆ. ರೈಲು ಸಂಜೆಗೆ. ಬೆಂಚಿನ ಮೇಲೆ ಕೂತು ಟಿಕೆಟ್ ನೋಡಲು ಫೋನು ತೆಗೆದಾಗ ಒಂದು ಪ್ರಶ್ನೆ ಎದ್ದಿತು. ಕಾರು ಕೊಂಡು, ಡ್ರೈವರ್ ಒಬ್ಬನನ್ನು ಗೊತ್ತುಮಾಡಿ, ಕೊಲ್ಹಾಪುರದ ಹೆದ್ದಾರಿಯಲ್ಲಿ ಅರ್ಧ ದಾರಿಯನ್ನಾದರೂ ನಾನೇ ಓಡಿಸಿಕೊಂಡು ಬರುತ್ತೇನೆ ಎಂದು ಅಷ್ಟು ವಿವರವಾಗಿ ಕನಸು ಕಂಡವಳು, ಹೊರಡುವ ಮೊದಲೇ ವಾಪಸ್ ಟಿಕೆಟ್ ಏಕೆ ತೆಗೆಸಿದ್ದೆ? ಅದಕ್ಕೂ ಉಡುಪಿ ಹೋಟೆಲಿನ ಪದ್ಧತಿಗೂ ಸಂಬಂಧವಿಲ್ಲ. ಮುಂಬಯಿಯ ಮೇಲೆ ತಪ್ಪು ಹೊರಿಸುವುದು ಸುಲಭವಾಗಿತ್ತು. ಆ ಟಿಕೆಟ್ ಅದನ್ನು ಕಷ್ಟಮಾಡಿತು.

ಬಹಳ ಹಿಂದೆ ಸಹೋದ್ಯೋಗಿಯೊಬ್ಬರು ಕಾಲೇಜಿನ ಮೆಟ್ಟಿಲ ಮೇಲೆ ನನ್ನನ್ನು ಏನೋ ಕೇಳಿದ್ದರು. ನೋಡೋಣ ಎಂದಿದ್ದೆ. ಮದುವೆಯ ಬಗ್ಗೆ ಕೇಳಿದ್ದು ಎಂದು ಎಷ್ಟೋ ಕಾಲ ಅಂದುಕೊಂಡಿದ್ದೆ. ಪ್ರವಾಸಕ್ಕೆ ಮಕ್ಕಳ ಜೊತೆ ಬರುತ್ತೀರಾ ಎಂದಷ್ಟೇ ಕೇಳಿರಲೂಬಹುದು. ಅವರು ಎರಡನೇ ಸಲ ಕೇಳಿದ್ದರೆ ಪ್ರಶ್ನೆ ಯಾವುದೆಂದಾದರೂ ತಿಳಿಯುತ್ತಿತ್ತು.

ಜಯರಾಮಣ್ಣನಿಗೆ ಫೋನು ಮಾಡಿದೆ. "ನನಗೆ ಬೇಕು" ಎಂದೆ. ನಮಸ್ಕಾರವನ್ನೂ ಹೇಳಲಿಲ್ಲ.

"ಎಂತ ಬೇಕು ಟೀಚರೇ? ಏನಾದ್ರೂ ಬಿಟ್ಟು ಹೋದ್ರಾ?"

"ಕಾರು."

"ಅಯ್ಯೋ ದೇವರೇ. ಟೋಕನ್ ಬಂದಾಯ್ತಲ್ಲ. ಮಾತು ಕೊಟ್ಟಾಯ್ತು. ಆಗ್ಲೇ ಯಾಕೆ ಹೇಳ್ಲಿಲ್ಲ ನೀವು?"

"ನೀವು ಇನ್ನೊಂದು ಸಲ ಕೇಳ್ತೀರಿ ಅಂತ."

ಅವರು ನಗಲಿಲ್ಲ. ಫೋನು ಕೈ ಬದಲಾಯಿಸಿತು.

"ಅಕ್ಕ, ಎಲ್ಲಿದ್ದೀರಿ?" ಸುಲೋಚನಾ.

"ದಾದರ್."

"ಊಟ ಆಯ್ತಾ? ಬಸಳೆ ಪದಾರ್ಥ ಮಾಡಿದ್ದೇನೆ. ಬರ್ತೀರಾ?"

"ಬರ್ತೀನಿ" ಎಂದೆ. ಅವರ ಪ್ರಶ್ನೆಯ ಬಾಲವನ್ನು ನನ್ನ ಉತ್ತರ ತುಳಿದಿತ್ತು.

ಲೋಕಲಿನಲ್ಲಿ ಕೂತಿದ್ದವಳನ್ನು ನಾನೇ ಕೇಳಿದೆ, ಎಲ್ಲಿ ಇಳಿಯುತ್ತೀರಿ ಎಂದು. ಬೊರಿವಿಲಿ ಎಂದಳು. ಪಾರ್ಲೆಗಿಂತ ಎಷ್ಟೋ ಆಚೆ. ಈ ಸಲವೂ ನಿಂತೇ ಹೋದೆ.

ಕೊನೆಯ ಸುತ್ತು

ಊಟ ಬಡಿಸುವಾಗ ಸುಲೋಚನಾ ಒಂದೊಂದಕ್ಕೂ ಒಂದೇ ಸಲ ಕೇಳಿದರು, ನಾನು ಪ್ರತಿ ಸಲವೂ ಹ್ಞೂಂ ಎಂದೆ. ಹೊಟ್ಟೆ ಬಿರಿಯುವಷ್ಟಾಯಿತು. ಜಯರಾಮಣ್ಣ ಕಾರಿನ ವಿಷಯ ಎತ್ತಲಿಲ್ಲ. "ಟೀಚರಿಗೆ ಇನ್ನೂ ಸಾಂಬಾರು ಹಾಕು, ನಿನ್ನೆದು ಬಾಕಿ ಉಂಟು" ಎಂದಷ್ಟೇ ಹೇಳಿ, ಕಾಲು ಚಾಚಿ ಕಣ್ಣು ಮುಚ್ಚಿದರು.

ಸುಲೋಚನಾ ಕೈ ಒರೆಸಿಕೊಂಡು ಗೋಡೆಯ ಮೊಳೆಯಿಂದ ಕೀ ತೆಗೆದರು. "ಟೋಕನ್ ಬಂದದ್ದು ಹೌದು. ಗಾಡಿ ನಾಳೆವರೆಗೆ ನಮ್ಮದೇ. ಓಡಿಸ್ತೀರಾ?"

ನಾನು ಕೈ ಚಾಚಿದೆ.

ಬಲಗಡೆಯ ತಗ್ಗಾದ ಸೀಟು ಬೇರೆಯವರ ಅಳತೆಯದು. ಅವರಿಗಿಂತ ನಾನು ಕುಳ್ಳಿ. ದಿಂಬು ಬೇಕಾಯಿತು, ತಂದುಕೊಟ್ಟರು. ಎಡಗಡೆ ಕೂತ ಸುಲೋಚನಾ ಬೆಲ್ಟಿಗಾಗಿ ಬಲಭುಜದ ಹಿಂದೆ ತಡಕಾಡಿದರು. ಆಮೇಲೆ ಎಡಗಡೆ ತಿರುಗಿ, ಅದು ಎಲ್ಲಿಂದ ಬರುತ್ತದೆಂದು ಹುಡುಕಿದರು.

"ಈ ಕಡೆ ನಾನು ಕೂತದ್ದೇ ಇಲ್ಲ" ಎಂದರು. "ಇವರಿಗೆ ಆಗುದಿಲ್ಲ. ಮಗಳು ಪುಣೆಯಲ್ಲಿ. ಯಾರು ಕೂತಿದ್ದಾರೆ ಇಲ್ಲಿ? ಬೆಳಿಗ್ಗೆ ನೀವು."

ಸುಕ್ಕಿಲ್ಲದ ಆ ಚರ್ಮ ನೆನಪಾಯಿತು. ಜಾಹೀರಾತಿನಲ್ಲಿ ಚೆನ್ನಾಗಿ ಇಟ್ಟುಕೊಂಡಿದ್ದು ಎಂದಿತ್ತು.

ಭಾನುವಾರ ಮಧ್ಯಾಹ್ನದ ಪಾರ್ಲೆಯ ಓಣಿಗಳಲ್ಲಿ ಆ ಕಾರಿಗೆ ಓಡಲು ಎಲ್ಲಿಯ ಜಾಗ? ಒಂದು ರಿಕ್ಷಾದ ಹಿಂದೆ, ಆಮೇಲೆ ಬಾಳೆಹಣ್ಣಿನ ಗಾಡಿಯ ಹಿಂದೆ, ಆಮೇಲೆ ಇಡೀ ರಸ್ತೆ ತನ್ನದೆಂಬಂತೆ ನಡೆಯುತ್ತಿದ್ದ ಒಬ್ಬ ಮುದುಕನ ಹಿಂದೆ ತೆವಳಿದೆವು. ಹಂಪು ಬಂದಾಗ "ಓರೆ, ಓರೆ" ಎಂದು ಸುಲೋಚನಾ ಕೈಯಲ್ಲಿ ತೋರಿಸಿದರು. ನಾನು ಹೊಟ್ಟೆಯನ್ನು ಒಳಗೆಳೆದುಕೊಂಡು ಒಂದೊಂದೇ ಚಕ್ರ ದಾಟಿಸಿದೆ. ಎಂಜಿನ್ನು ಗುರುಗುಟ್ಟುತ್ತಿತ್ತು. ವೇಗ ನಮ್ಮ ಬೀದಿಯ ಸೈಕಲ್ಲಿನದು. ಕಿಟಕಿಯ ಹೊರಗೆ ನಮ್ಮನ್ನು ಯಾರೂ ವಿಶೇಷವಾಗಿ ನೋಡಲಿಲ್ಲ. ನನಗೆ ಕಪ್ಪು ಕನ್ನಡಕವೂ ಇರಲಿಲ್ಲ.

ಒಂದು ಸುತ್ತು ಮುಗಿಸಿ ಬಿಲ್ಡಿಂಗಿನ ಗೇಟಿನೊಳಗೆ ತಂದು, ಕಂಬಗಳ ನಡುವೆ ನಿಲ್ಲಿಸಿದೆ. ನೆಲದ ಮೇಲೆ ಮಡಿಸಿಟ್ಟ ಬೆಡ್‌ಶೀಟಿನ ಹೊದಿಕೆ ಬಿದ್ದಿತ್ತು. ನಾಯಿ ಅದರ ಮೇಲೆ ಮಲಗಿತ್ತು. ನಾನು ಕೀಯತ್ತ ಕೈ ಒಯ್ದೆ. ಸುಲೋಚನಾ ಬೆಲ್ಟ್ ಬಿಚ್ಚಲಿಲ್ಲ. ಅಂಗೈಯಿಂದ ಸೀಟಿನ ಅಂಚನ್ನು ಸವರುತ್ತ, ಮುಂದಿನ ಗೋಡೆಯನ್ನು ನೋಡುತ್ತ ಕೂತಿದ್ದರು.

"ಇನ್ನೊಂದ್ಸಲ ಹೋಗುವನಾ, ಅಕ್ಕ?"

ರೈಲಿಗೆ ಹೊತ್ತಾಗುತ್ತಿತ್ತು. ನಾನು ಕಾರನ್ನು ಗೇಟಿನತ್ತ ಹಿಂದಕ್ಕೆ ತೆಗೆದೆ.